ರೀಲ್ಸ್ ಅಮ್ಮಂದಿರು ಮತ್ತು ಊರಿನ ವ್ಯಾಪಾರ

ಹುಬ್ಬಳ್ಳಿಯಲ್ಲಿ ಕೂಸಿನ ಹತ್ತಿಬಟ್ಟೆ ಹೊಲಿಯುವ ಸಣ್ಣ ಘಟಕವೊಂದಿದೆ ಎಂದಿಟ್ಟುಕೊಳ್ಳಿ. ನಾಲ್ಕು ಹೊಲಿಗೆ ಯಂತ್ರ, ಐದಾರು ಮಂದಿ ಹೆಣ್ಣುಮಕ್ಕಳು. ಝಬಲಾ, ಕುಲಾಯಿ, ಪುಟ್ಟ ಕೌದಿ, ತೊಟ್ಟಿಲ ಶಾಸ್ತ್ರಕ್ಕೆ ಬೇಕಾಗುವ ಗುಳೇದಗುಡ್ಡ ಖಣದ ಕುಂಚಿಗಿ. ಸರಕು ಚೆನ್ನಾಗಿದೆ, ಬೆಲೆಯೂ ಕೈಗೆಟುಕುವಂತಿದೆ. ಆದರೆ ಎರಡು ಓಣಿ ಆಚೆ ಬಾಣಂತನ ನಡೆದಿರುವ ಮನೆಯವರಿಗೆ ಹೀಗೊಂದು ಘಟಕ ಇದೆ ಎಂಬುದೇ ಗೊತ್ತಿಲ್ಲ. ಪತ್ರಿಕೆಗೆ ದೊಡ್ಡ ಜಾಹೀರಾತು ಕೊಡುವ ಶಕ್ತಿ ಇಲ್ಲ. ಆಗ ಯಾರಾದರೂ ಹೇಳಿಯೇ ಹೇಳುತ್ತಾರೆ: ‘ಇನ್‌ಸ್ಟಾಗ್ರಾಂನ್ಯಾಗ ಯಾರರ ಅಮ್ಮ ಇನ್‌ಫ್ಲುಯೆನ್ಸರ್ ಹಿಡೀರಿ, ಈಗ ಎಲ್ಲಾ ಹಂಗ ನಡದೈತಿ.’

ಸಲಹೆ ತಪ್ಪಲ್ಲ. ಆದರೆ ಯಾರನ್ನು ಕೇಳಬೇಕು, ಅವರನ್ನು ಎಲ್ಲಿ ಹುಡುಕಬೇಕು, ಸಿಕ್ಕ ಮೇಲೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಹೀಗಾಗಿ ಸಣ್ಣ ವ್ಯಾಪಾರಿಗಳು ಫಾಲೋವರ್‌ಗಳ ಸಂಖ್ಯೆ ನೋಡಿ ಹಣ ಸುರಿಯುತ್ತಾರೆ, ಒಂದು ರೀಲ್ ಬರುತ್ತದೆ, ನಾಲ್ಕು ಸಾವಿರ ಲೈಕ್ ಬೀಳುತ್ತದೆ, ಒಂದು ಕುಲಾಯಿಯೂ ಮಾರಾಟವಾಗುವುದಿಲ್ಲ.

ತಾಯ್ತನದ ಅನುಭವ ಬರೆಯುತ್ತ ಓದುಗರನ್ನು ಗಳಿಸುವ ರೂಢಿ ಅಮೆರಿಕದಲ್ಲಿ ಎರಡು ದಶಕದ ಹಿಂದೆಯೇ ಬೆಳೆಯಿತು. 2001ರಲ್ಲಿ ‘ಡೂಸ್’ ಬ್ಲಾಗ್ ಆರಂಭಿಸಿದ ಹೆದರ್ ಆರ್ಮ್‌ಸ್ಟ್ರಾಂಗ್ ಅದರ ಬಹುದೊಡ್ಡ ಹೆಸರು. ನಮ್ಮಲ್ಲಿ 2016ರಲ್ಲಿ ಶುರುವಾದ ಮಾಮಾಅರ್ತ್ ಕಂಪನಿ ಬೆಳೆದದ್ದರಲ್ಲಿ ಬ್ಲಾಗ್ ಬರೆಯುತ್ತಿದ್ದ, ಇನ್‌ಸ್ಟಾಗ್ರಾಂನಲ್ಲಿದ್ದ ತಾಯಂದಿರ ಪಾಲು ದೊಡ್ಡದು. ಆದರೆ ಆ ಜಗತ್ತು ಬಹುಪಾಲು ಇಂಗ್ಲಿಷಿನದು, ಮಹಾನಗರದ್ದು. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾಯಿತು, ಮರುತಿಂಗಳೇ ಇನ್‌ಸ್ಟಾಗ್ರಾಂ ಭಾರತದಲ್ಲಿ ರೀಲ್ಸ್ ತಂದಿತು. ಬ್ಲಾಗಿಗೆ ಬರವಣಿಗೆಯ ಅಭ್ಯಾಸ ಬೇಕಿತ್ತು. ರೀಲಿಗೆ ಒಂದು ಫೋನು ಮತ್ತು ಮನೆಯಲ್ಲಿ ಆಡುವ ಮಾತು ಸಾಕಾಯಿತು. ದಾವಣಗೆರೆಯ, ಶಿರಸಿಯ, ವಿಜಯಪುರದ ಗೃಹಿಣಿಯರು ಮಗುವಿಗೆ ಎಣ್ಣೆ ಹಚ್ಚಿ ನೀರೆರೆಯುವುದನ್ನು, ಶಾಲೆಯ ಡಬ್ಬಿ ಕಟ್ಟುವುದನ್ನು ತಮ್ಮ ತಮ್ಮ ಕನ್ನಡದಲ್ಲಿ ತೋರಿಸತೊಡಗಿದರು. ಹುಬ್ಬಳ್ಳಿಯ ಆ ಘಟಕಕ್ಕೆ ಬೇಕಿರುವುದು ಇಂಥವರೇ.

ಹುಡುಕಾಟವನ್ನು ಆ್ಯಪ್‌ನಿಂದ ಆರಂಭಿಸಬೇಡಿ. ನಿಮ್ಮ ಆರ್ಡರ್ ಪುಸ್ತಕ ತೆಗೆಯಿರಿ. ಎರಡನೇ ಸಲ ಖರೀದಿಸಿದವರು ಯಾರು, ಕೂಸಿನ ಫೋಟೊ ಕಳಿಸಿ ‘ಚಲೋ ಆಗೇತ್ರಿ’ ಎಂದವರು ಯಾರು, ಅವರಲ್ಲಿ ಯಾರಾದರೂ ವಿಡಿಯೊ ಹಾಕುತ್ತಾರೆಯೇ ಎಂದು ನೋಡಿ. ಸರಕನ್ನು ಈಗಾಗಲೇ ಬಳಸಿ ಮೆಚ್ಚಿದವರ ಮಾತಿಗೂ, ನಿನ್ನೆ ಕೊರಿಯರ್‌ನಲ್ಲಿ ಬಂದ ಡಬ್ಬ ಇವತ್ತು ಬಿಚ್ಚಿ ಹೊಗಳುವವರ ಮಾತಿಗೂ ಇರುವ ವ್ಯತ್ಯಾಸ ನೋಡುವವರಿಗೆ ತಕ್ಷಣ ತಿಳಿಯುತ್ತದೆ.

ಆಮೇಲೆ ಇನ್‌ಸ್ಟಾಗ್ರಾಂನ ಸ್ಥಳದ ಹುಡುಕಾಟ. ಮಕ್ಕಳನ್ನು ಕರೆದುಕೊಂಡು ಜನ ಹೋಗುವ ಜಾಗಗಳ ಹೆಸರು ಹಾಕಿ: ಇಂದಿರಾ ಗಾಜಿನ ಮನೆ, ಉಣಕಲ್ ಕೆರೆ, ನೃಪತುಂಗ ಬೆಟ್ಟ, ಧಾರವಾಡದ ಸಾಧನಕೇರಿ. ಅಲ್ಲಿ ಟ್ಯಾಗ್ ಆದ ಪೋಸ್ಟುಗಳನ್ನು ನೋಡುತ್ತ ಹೋದರೆ, ಮಗುವಿನೊಂದಿಗೆ ವಾರ ವಾರ ವಿಡಿಯೊ ಮಾಡುವ ಹೆಣ್ಣುಮಕ್ಕಳು ಸಿಗುತ್ತಾರೆ. ಇಲ್ಲೊಂದು ಸಣ್ಣ ಸೂಕ್ಷ್ಮವಿದೆ. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ಊರುಗಳ ಹೆಸರನ್ನು ಅಧಿಕೃತವಾಗಿ ಬದಲಿಸಿದರೂ, ಜನ ಟ್ಯಾಗ್ ಮಾಡುವಾಗ ಹುಬ್ಳಿ ಎಂದೂ ಬರೆಯುತ್ತಾರೆ, ಹುಬ್ಬಳ್ಳಿ ಎಂದೂ ಬರೆಯುತ್ತಾರೆ. ಬೆಳಗಾವಿಗೂ ಬೆಳಗಾಂ ಉಳಿದಿದೆ. ಎರಡೂ ಹೆಸರು, ಕನ್ನಡ ಲಿಪಿ ಮತ್ತು ಇಂಗ್ಲಿಷ್ ಲಿಪಿ ಎರಡರಲ್ಲೂ ಹುಡುಕಬೇಕು. ಬಾಣಂತನ, ಕೂಸು, ಲಂಚ್ ಬಾಕ್ಸ್ ಇಂಥ ಪದಗಳನ್ನು ಊರ ಹೆಸರಿನೊಂದಿಗೆ ಸೇರಿಸಿ ಯೂಟ್ಯೂಬ್‌ನಲ್ಲೂ ನೋಡಬೇಕು. ಇನ್ನು ಕೆಲವು ಅಮ್ಮಂದಿರು ಇನ್‌ಸ್ಟಾಗ್ರಾಂನಲ್ಲಿ ಇರುವುದೇ ಇಲ್ಲ. ಶಾಲೆಯ ಅಥವಾ ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಎಲ್ಲರೂ ಅವರನ್ನೇ ಕೇಳುತ್ತಾರೆ. ಅವರೂ ಲೆಕ್ಕಕ್ಕಿರಲಿ.

ಹೀಗೆ ಹತ್ತು ಹದಿನೈದು ಹೆಸರು ಕೂಡಿದ ಮೇಲೆ ನಿಜವಾದ ಕೆಲಸ: ಕಮೆಂಟು ಓದುವುದು. ಇದಕ್ಕೆ ಒಂದು ಸಂಜೆಯನ್ನಾದರೂ ಮೀಸಲಿಡಿ ಎಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಬೇಕಾದ ಸಾಕ್ಷಿಯೆಲ್ಲ ಅಲ್ಲೇ ಇರುತ್ತದೆ.

ಒಬ್ಬರ ಪುಟದಲ್ಲಿ ಲಕ್ಷ ಫಾಲೋವರ್‌ಗಳಿದ್ದಾರೆ. ರೀಲಿನ ಕೆಳಗೆ ಬೆಂಕಿಯ ಚಿತ್ರ, ಹೃದಯದ ಚಿತ್ರ, ‘ಸೂಪರ್’, ‘ನೈಸ್ ಡಿಯರ್’. ಬರೆದವರ ಹೆಸರು ಒತ್ತಿ ನೋಡಿದರೆ ಅವರೂ ರೀಲ್ ಮಾಡುವವರೇ; ಒಬ್ಬರಿಗೊಬ್ಬರು ಕಮೆಂಟ್ ಹಾಕಿಕೊಳ್ಳುವ ಒಪ್ಪಂದ. ಇನ್ನೊಬ್ಬರಿಗೆ ಎಂಟು ಸಾವಿರ ಫಾಲೋವರ್‌ಗಳು. ಕೆಳಗೆ ಹೀಗಿರುತ್ತದೆ: ‘ಅಕ್ಕಾ, ಕುಲಾಯಿ ಎಲ್ಲಿ ತಗೊಂಡ್ರಿ?’ ‘ತೊಳದ್ರ ಬಣ್ಣ ಬಿಡ್ತದೇನ್ರಿ?’ ‘ಆರು ತಿಂಗಳ ಕೂಸಿಗೆ ಯಾವ ಸೈಜ್ ಬರ್ತದ?’ ಅದಕ್ಕೆ ಆಕೆಯ ಉತ್ತರ: ‘ಬಿಡಂಗಿಲ್ಲ, ಆದ್ರ ಮೊದಲನೇ ಸಲ ಬ್ಯಾರೆ ತೊಳೀರಿ. ಸೈಜ್ ಒಂದು ದೊಡ್ಡದ ತಗೋರಿ, ಲಗೂನ ಬಿಗಿ ಆಗ್ತಾವ.’ ಅಂಗಡಿಯಲ್ಲಿ ನಿಂತು ಗಿರಾಕಿ ಕೇಳುವ ಪ್ರಶ್ನೆಗಳೇ ಇವು. ಕೇಳಿದವರು ಕೊಳ್ಳುವ ಮನಸ್ಸಿನಲ್ಲಿದ್ದಾರೆ, ಉತ್ತರಿಸಿದವರು ಬಳಸಿ ತಿಳಿದಿದ್ದಾರೆ. ನೀವು ದುಡ್ಡು ಕೊಡಬೇಕಾದದ್ದು ಈ ಸಂಭಾಷಣೆಗೆ. ಎಂಟು ಸಾವಿರದಲ್ಲಿ ಐದು ಸಾವಿರ ಜನ ಹುಬ್ಬಳ್ಳಿ-ಧಾರವಾಡದವರಾದರೆ, ಊರಿನ ಸಣ್ಣ ಘಟಕವೊಂದಕ್ಕೆ ಅದು ತೀರಾ ದೊಡ್ಡ ಮಾರುಕಟ್ಟೆ.

ಹಳೆಯ ಪೋಸ್ಟುಗಳಿಗೂ ಹೋಗಿ. ಯಾವುದಾದರೂ ವಸ್ತುವಿನ ಬಗ್ಗೆ ಆಕೆ ‘ನಮ್ಮ ಕೂಸಿಗೆ ಇದು ಹೊಂದಲಿಲ್ಲ’ ಎಂದು ಹೇಳಿದ್ದಿದೆಯೇ? ಇದ್ದರೆ ಆಕೆಯನ್ನು ಪಟ್ಟಿಯ ಮೇಲ್ಭಾಗಕ್ಕೆ ತನ್ನಿ. ಈ ವಾರ ಒಂದು ಸೋಪು, ಮುಂದಿನ ವಾರ ಅದರ ಎದುರಾಳಿ ಸೋಪು ಎರಡನ್ನೂ ‘ನನ್ನ ಫೇವರಿಟ್’ ಎಂದಿದ್ದರೆ ಬಿಟ್ಟುಬಿಡಿ.

ಫಾಲೋವರ್‌ಗಳು ಯಾವ ಊರಿನವರು ಎಂಬುದು ಹೊರಗಿನವರಿಗೆ ಕಾಣುವುದಿಲ್ಲ. ಪ್ರೊಫೆಷನಲ್ ಖಾತೆ ಇರುವವರಿಗೆ ಇನ್‌ಸೈಟ್ಸ್ ಎಂಬ ವಿಭಾಗದಲ್ಲಿ ನೋಡುಗರ ಊರು, ವಯಸ್ಸು, ಹೆಣ್ಣು-ಗಂಡಿನ ಪ್ರಮಾಣ ಸಿಗುತ್ತದೆ. ಅದನ್ನು ಸ್ಕ್ರೀನ್ ರೆಕಾರ್ಡ್ ಮಾಡಿ ಕಳಿಸುವಂತೆ ವಿನಯದಿಂದ ಕೇಳಬಹುದು. ಸ್ಕ್ರೀನ್‌ಶಾಟ್ ತಿದ್ದುವುದು ಸುಲಭ. ಕೂಸಿನ ಬಟ್ಟೆ ತೋರಿಸುವ ಪುಟಕ್ಕೆ ನೋಡುಗರಲ್ಲಿ ಹದಿಹರೆಯದ ಹುಡುಗರೇ ಹೆಚ್ಚಾಗಿದ್ದರೆ ಅಲ್ಲಿಗೆ ಮಾತು ಮುಗಿಯಿತು.

ಮೊದಲ ಸಂದೇಶವನ್ನು ಇಡೀ ಪಟ್ಟಿಗೆ ಒಂದೇ ಸಲ ಕಳಿಸುವವರಿದ್ದಾರೆ. ‘ಹಾಯ್ ಡಿಯರ್, ಕೊಲಾಬ್‌ಗೆ ಆಸಕ್ತಿ ಇದೆಯಾ?’ ಎಂಬಂಥ ಸಂದೇಶಗಳನ್ನು ಅವರು ದಿನವೂ ಅಳಿಸುತ್ತಿರುತ್ತಾರೆ. ಬದಲಿಗೆ: ‘ನಮಸ್ಕಾರ ಮೇಡಂ, ನಾವು ಹುಬ್ಬಳ್ಳಿಯಲ್ಲಿ ಕೂಸಿನ ಬಟ್ಟೆ ಹೊಲಿಯುತ್ತೇವೆ. ಚಳಿಗಾಲದಲ್ಲಿ ಕಿವಿ ಮುಚ್ಚುವ ಕುಲಾಯಿ ಬಗ್ಗೆ ನೀವು ಮಾಡಿದ ವಿಡಿಯೊ ನೋಡಿದೆ. ನಮ್ಮದೊಂದು ಕಳಿಸುತ್ತೇವೆ, ಒಂದು ತಿಂಗಳು ಬಳಸಿ ನೋಡಿ. ಹಿಡಿಸಿದರೆ ಮಾತ್ರ ವಿಡಿಯೊ. ಅದಕ್ಕೆ ನಿಮ್ಮ ದರ ಎಷ್ಟು ಎಂದು ತಿಳಿಸಿ.’ ಕೊನೆಯ ವಾಕ್ಯವನ್ನು ದಯವಿಟ್ಟು ಬಿಡಬೇಡಿ. ಮುನ್ನೂರು ರೂಪಾಯಿಯ ಸಾಮಾನು ಕೊಟ್ಟು ‘ನಿಮಗೂ ಪ್ರಚಾರ ಸಿಗುತ್ತದಲ್ಲ’ ಎನ್ನುವ ಚಾಳಿ ವಿಪರೀತ ಬೆಳೆದಿದೆ. ಕೂಸು ಮಲಗಿದ ಮೇಲೆ ಶೂಟ್ ಮಾಡಿ, ಅಡುಗೆ ಮುಗಿಸಿ ಎಡಿಟ್ ಮಾಡಿ, ನೀವು ಹೇಳಿದ ತಿದ್ದುಪಡಿಗೆ ಮತ್ತೆ ಶೂಟ್ ಮಾಡುವುದು ದುಡಿಮೆ. ಮನೆಯಲ್ಲಿ ಕೂತು ಮಾಡಿದರೂ ಅದಕ್ಕೆ ಹಣ ಸಲ್ಲಬೇಕು. ಎಷ್ಟು ರೀಲ್, ಎಷ್ಟು ತಿದ್ದುಪಡಿ, ಹಣ ಯಾವ ದಿನ, ಆ ವಿಡಿಯೊವನ್ನು ನಿಮ್ಮ ಜಾಹೀರಾತಿಗೆ ಎಷ್ಟು ತಿಂಗಳು ಬಳಸಬಹುದು ಎಂಬುದನ್ನು ಬರೆದಿಟ್ಟುಕೊಳ್ಳಿ. ಒಂದು ಪುಟ ಸಾಕು. ದುಬಾರಿ ವಸ್ತು ಉಡುಗೊರೆ ಕೊಡುವ ದೊಡ್ಡ ವ್ಯವಹಾರಗಳು ತೆರಿಗೆಯನ್ನೂ ಗಮನಿಸಬೇಕು: ಆಕೆ ಇಟ್ಟುಕೊಂಡ ವಸ್ತುಗಳ ಮೌಲ್ಯ ವರ್ಷಕ್ಕೆ 20,000 ರೂಪಾಯಿ ದಾಟಿದರೆ ಶೇ 10ರಷ್ಟು ಟಿಡಿಎಸ್ ಕಟ್ಟುವ ನಿಯಮ 2022ರ ಜುಲೈ 1ರಿಂದ ಇದೆ.

ಮಾತನ್ನು ಆಕೆಗೇ ಬಿಡಿ. ಏಜೆನ್ಸಿಯವರು ಬರೆದುಕೊಟ್ಟ ‘ನಿಮ್ಮ ಪುಟ್ಟ ಕಂದಮ್ಮನ ಕೋಮಲ ತ್ವಚೆಗಾಗಿ’ ಎಂಬ ಸಾಲನ್ನು ಹುಬ್ಬಳ್ಳಿಯ ಹೆಣ್ಣುಮಗಳು ಒಪ್ಪಿಸುವಾಗ, ಆ ಪುಟವನ್ನು ವರ್ಷದಿಂದ ನೋಡುತ್ತ ಬಂದವರಿಗೆ ಇದು ಆಕೆಯ ಮಾತಲ್ಲ ಎಂದು ಕೂಡಲೇ ತಿಳಿಯುತ್ತದೆ. ಬಟ್ಟೆ ಯಾವುದು, ಬೆಲೆ ಎಷ್ಟು, ಎಲ್ಲಿ ಸಿಗುತ್ತದೆ ಎಂಬ ಮೂರು ಸಂಗತಿ ಸರಿಯಾಗಿದ್ದರೆ ಸಾಕು.

ಫಲ ಅಳೆಯಲು ಪ್ರತಿಯೊಬ್ಬರಿಗೂ ಬೇರೆ ಬೇರೆ ಕೂಪನ್ ಕೋಡ್ ಕೊಡಿ, ಅಂಗಡಿಗೆ ಬಂದವರನ್ನು ‘ಯಾರ ವಿಡಿಯೊ ನೋಡಿ ಬಂದ್ರಿ?’ ಎಂದು ಕೇಳಿ ಬರೆದಿಡಿ. ಲೈಕಿಗಿಂತ ಸೇವ್ ಮತ್ತು ಶೇರ್ ಎಷ್ಟು ಎಂದು ವಿಚಾರಿಸಿ. ಏಳು ತಿಂಗಳ ಬಸುರಿ ಇವತ್ತು ಸೇವ್ ಮಾಡಿದ ರೀಲಿನಿಂದ ಖರೀದಿ ಆಗುವುದು ಹೆರಿಗೆ ಹತ್ತಿರವಾದಾಗ. ಒಂದು ವಾರದಲ್ಲಿ ತೀರ್ಮಾನಕ್ಕೆ ಬರಬಾರದು.

ಇನ್ನು ಕಾನೂನು. ಹಣ ಕೊಟ್ಟಿರಲಿ, ಬರೀ ಉಚಿತ ಸಾಮಾನು ಕೊಟ್ಟಿರಲಿ, ಅದು ಜಾಹೀರಾತು ಎಂದು ನೋಡುಗರಿಗೆ ತಿಳಿಯಬೇಕು. ಭಾರತೀಯ ಜಾಹೀರಾತು ಮಾನಕ ಮಂಡಳಿ 2021ರಲ್ಲಿ ಇದಕ್ಕೆ ಮಾರ್ಗಸೂಚಿ ತಂದಿತು; ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ತನ್ನ ಕೈಪಿಡಿ ಪ್ರಕಟಿಸಿತು. ಹ್ಯಾಷ್‌ಟ್ಯಾಗುಗಳ ರಾಶಿಯಲ್ಲಿ ಹುದುಗಿಸಿದರೆ ಸಾಲದು. ಮಂಡಳಿಯ ಲೆಕ್ಕದಂತೆ 15 ಸೆಕೆಂಡಿನೊಳಗಿನ ವಿಡಿಯೊದಲ್ಲಿ ಕನಿಷ್ಠ 3 ಸೆಕೆಂಡು, ಅದಕ್ಕಿಂತ ಉದ್ದವಾಗಿದ್ದು ಎರಡು ನಿಮಿಷದೊಳಗಿದ್ದರೆ ಮೂರನೇ ಒಂದು ಭಾಗದಷ್ಟು ಹೊತ್ತು ಸೂಚನೆ ಕಾಣಬೇಕು. ಒಂದು ನಿಮಿಷದ ಕನ್ನಡ ರೀಲಿನಲ್ಲಿ 20 ಸೆಕೆಂಡು ‘ಜಾಹೀರಾತು’ ಎಂದು ಕನ್ನಡದಲ್ಲೇ ಹಾಕಿ. ಹಾಗೆ ಹಾಕಿದರೆ ಜನ ದೂರವಾಗುತ್ತಾರೆ ಎಂಬ ಭಯಕ್ಕೆ ಆಧಾರ ಕಡಿಮೆ. ಮುಚ್ಚಿಟ್ಟದ್ದು ಆಮೇಲೆ ಗೊತ್ತಾದರೆ ಹೋಗುವ ಹೆಸರು ತಿರುಗಿ ಬರುವುದಿಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡವಿದೆ. ಪ್ರಚಾರ ಮಾಡಿದವರನ್ನೂ ಅದು ಬಿಡುವುದಿಲ್ಲ.

ಬಟ್ಟೆ ಮಾರುವವರಿಗೆ ಇಷ್ಟು ತಿಳಿದರೆ ನಡೆಯುತ್ತದೆ. ಕೂಸಿನ ಆಹಾರ ಮಾರುವವರ ಸ್ಥಿತಿಯೇ ಬೇರೆ, ಮತ್ತು ನಮ್ಮ ಕಡೆ ಬಹಳ ಜನ ಎಡವುತ್ತಿರುವುದು ಇಲ್ಲಿಯೇ. ಮೊಳಕೆ ರಾಗಿ ಸರಿ ಪುಡಿ, ಬಾಳೆಕಾಯಿ ಪುಡಿ ಇಂಥವನ್ನು ಮನೆಯಲ್ಲೇ ತಯಾರಿಸಿ ಮಾರುವ ಮಹಿಳೆಯರು ಸಾಕಷ್ಟಿದ್ದಾರೆ. ‘ಆರು ತಿಂಗಳಾದ ಕೂಡಲೇ ಇದನ್ನು ಕೊಡಿ’ ಎಂದು ರೀಲ್ಸ್ ಅಮ್ಮಂದಿರಿಂದ ಹೇಳಿಸುವುದೂ ನಡೆದಿದೆ. ಶಿಶು ಹಾಲಿನ ಬದಲಿಗಳು, ಹಾಲಿನ ಬಾಟಲಿಗಳು ಮತ್ತು ಶಿಶು ಆಹಾರಗಳ ಕುರಿತ 1992ರ ಕಾಯ್ದೆ, 2003ರಲ್ಲಿ ಬಿಗಿಗೊಳಿಸಿದ ರೂಪದಲ್ಲಿ, ಇವುಗಳ ಜಾಹೀರಾತನ್ನೇ ನಿಷೇಧಿಸುತ್ತದೆ. ಆರು ತಿಂಗಳ ನಂತರ ಎರಡು ವರ್ಷದವರೆಗೆ ತಾಯಿಹಾಲಿನ ಜತೆ ಕೊಡುವ ಪೂರಕ ಆಹಾರ ಎಂದು ಮಾರುವ ಯಾವುದೇ ಪದಾರ್ಥ, ಹೆಸರು ಏನೇ ಇರಲಿ, ಅದರ ವ್ಯಾಪ್ತಿಗೆ ಬರುತ್ತದೆ. ಬಹುರಾಷ್ಟ್ರೀಯ ಕಂಪನಿಯ ಡಬ್ಬಕ್ಕೂ ಮನೆಯ ರಾಗಿ ಪುಡಿಗೂ ಅಲ್ಲಿ ಭೇದವಿಲ್ಲ. ಜಾಹೀರಾತು ಕೊಡುವವರು ಮಾತ್ರವಲ್ಲ, ಅದರ ಪ್ರಕಟಣೆಯಲ್ಲಿ ಭಾಗಿಯಾದವರೂ ಹೊಣೆ. ರಾಗಿ ಸರಿ ಮಾಡುವ ವಿಧಾನವನ್ನು ಒಬ್ಬ ತಾಯಿ ತನ್ನ ಅಡುಗೆಮನೆಯಲ್ಲಿ ತೋರಿಸಿದರೆ ಅದು ತಿಳಿವಳಿಕೆ. ನಿಮ್ಮ ಪ್ಯಾಕೆಟ್ ಹಿಡಿದು ಹಣ ಪಡೆದು ತೋರಿಸಿದರೆ ಅಪರಾಧ. ತಾಯಿಹಾಲಿನ ಜಾಗಕ್ಕೆ ವ್ಯಾಪಾರ ನುಗ್ಗಬಾರದು ಎಂಬ ಕಾಳಜಿಯಿಂದ ಬಂದ ಈ ಕಾನೂನು ಸರಿಯಾಗಿದೆ ಎಂಬುದು ನನ್ನ ದೃಢ ಅಭಿಪ್ರಾಯ. ಅರಿಯದೆ ಸಿಕ್ಕಿಬೀಳುವ ಹೆಣ್ಣುಮಕ್ಕಳಿಗೆ ಇದನ್ನು ಮುಂಚೆಯೇ ತಿಳಿಸುವುದು ಹಣ ಕೊಡುವವರ ಕರ್ತವ್ಯ.

ಕೊನೆಗೆ ಕೂಸಿನ ವಿಷಯ. ಕುಲಾಯಿಯ ಜಾಹೀರಾತಿಗೆ ತಲೆ ಬೇಕು, ತಲೆ ಕೂಸಿನದು. ಆ ಕೂಸು ಒಪ್ಪಿಗೆ ಕೊಟ್ಟಿಲ್ಲ, ಹದಿನೈದು ವರ್ಷದ ನಂತರ ಆ ವಿಡಿಯೊ ಅದರ ಸಹಪಾಠಿಗಳ ಕೈಗೂ ಸಿಗಬಹುದು. ಫ್ರಾನ್ಸ್ 2020ರಲ್ಲಿ ಬಾಲ ಇನ್‌ಫ್ಲುಯೆನ್ಸರ್‌ಗಳ ರಕ್ಷಣೆಗೆ ಕಾಯ್ದೆ ತಂದಿತು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 2024ರ ಜುಲೈ 1ರಿಂದ, ವಿಡಿಯೊದಲ್ಲಿ ಕಾಣಿಸುವ ಮಕ್ಕಳಿಗೆ ಗಳಿಕೆಯ ಪಾಲು ಎತ್ತಿಡುವುದು ಕಡ್ಡಾಯ. ನಮ್ಮಲ್ಲಿ ಬಾಲ ಕಲಾವಿದರಿಗೆ ದಿನಕ್ಕೆ ಐದು ಗಂಟೆಯ ಮಿತಿ ಇದೆ, ಗಳಿಕೆಯ ಶೇ 20ರಷ್ಟನ್ನು ಮಗುವಿನ ಹೆಸರಿನಲ್ಲಿ ಠೇವಣಿ ಇಡಬೇಕು ಎಂಬ ನಿಯಮವಿದೆ. ಮನೆಯೊಳಗೆ ತಾಯಿಯೇ ಫೋನು ಹಿಡಿದು ಮಾಡುವ ರೀಲಿನಲ್ಲಿ ಅದನ್ನು ನೋಡಿಕೊಳ್ಳುವವರು ಯಾರೂ ಇಲ್ಲ.

ಆದ್ದರಿಂದ ನಿಮ್ಮ ಆ ಒಂದು ಪುಟದ ಕರಾರಿಗೆ ಮೂರು ಸಾಲು ಸೇರಿಸಿ. ಕೂಸಿನ ಸ್ನಾನದ ದೃಶ್ಯ, ಮನೆಯ ವಿಳಾಸ, ಮುಂದೆ ಶಾಲೆಗೆ ಸೇರಿದರೆ ಸಮವಸ್ತ್ರ ಯಾವುದೂ ವಿಡಿಯೊದಲ್ಲಿ ಬರಬಾರದು. ಹಿಂದಿನಿಂದ ಅಥವಾ ಪಕ್ಕದಿಂದ ತೆಗೆದ, ಮುಖ ಕಾಣದ ಚಿತ್ರಕ್ಕೂ ಅದೇ ಸಂಭಾವನೆ. ತಾಯಿ ಯಾವಾಗ ಕೇಳಿದರೂ, ಕಾರಣ ಹೇಳದೆ ಕೇಳಿದರೂ, ನಿಮ್ಮ ಎಲ್ಲ ಪುಟಗಳಿಂದ ಆ ವಿಡಿಯೊ ಎರಡು ದಿನದೊಳಗೆ ತೆಗೆಯತಕ್ಕದ್ದು.