ಖಿನ್ನತೆ, ಕುಡಿತ: ಗೋವಾದ ಅಧ್ಯಯನಗಳು ಕಲಿಸುವ ಪಾಠ

ಕೆಲವು ವರ್ಷಗಳ ಹಿಂದೆ ನಾನು ಸೇವೆಯಲ್ಲಿದ್ದ ಧರ್ಮಕೇಂದ್ರವೊಂದರಲ್ಲಿ ತಪಸ್ಸುಕಾಲದ ಧ್ಯಾನಕೂಟ ನಡೆದಿತ್ತು. ಕೊನೆಯ ದಿನ, ಬಹುಕಾಲದಿಂದ ಕುಡಿತಕ್ಕೆ ದಾಸರಾಗಿದ್ದ ಗೃಹಸ್ಥರೊಬ್ಬರು ಬಲಿಪೀಠದ ಮುಂದೆ ನಿಂತು, ಇನ್ನೆಂದೂ ಮದ್ಯ ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. ನಾನು ಅವರ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದೆ. ನೆರೆದ ಜನ ಕಣ್ಣೊರೆಸಿಕೊಂಡರು. ಮೂರನೆಯ ರಾತ್ರಿ ಅವರ ಪತ್ನಿ ಬಂದು ನನ್ನ ಬಾಗಿಲು ತಟ್ಟಿದರು. ಹೋಗಿ ನೋಡಿದರೆ ಆ ಮನುಷ್ಯರ ಕೈಕಾಲು ನಡುಗುತ್ತಿದ್ದವು. ಗೋಡೆಯ ಮೇಲೆ ಹುಳುಗಳು ಹರಿಯುತ್ತಿವೆಯೆಂದು ಕೂಗುತ್ತಿದ್ದರು. ನೆರೆಯವರು, ‘ಏನೋ ಮೆಟ್ಟಿಕೊಂಡಿದೆ, ಫಾದರ್ ಪ್ರಾರ್ಥನೆ ಮಾಡಲಿ’ ಎಂದರು. ಅದೇ ವಠಾರದ ನರ್ಸ್ ಒಬ್ಬರು ಮಾತ್ರ, ‘ಪ್ರಾರ್ಥನೆ ದಾರಿಯಲ್ಲಿ ಮಾಡೋಣ ಫಾದರ್, ಮೊದಲು ಆಸ್ಪತ್ರೆಗೆ’ ಎಂದರು. ಅವರ ಮಾತಿನಿಂದ ಒಂದು ಜೀವ ಉಳಿಯಿತು. ಆಸ್ಪತ್ರೆಯಲ್ಲಿ ವೈದ್ಯರು ನನಗೆ ಕೇಳಿದ ಮೊದಲ ಪ್ರಶ್ನೆ, ‘ಇವರು ದಿನಕ್ಕೆ ಎಷ್ಟು ಕುಡಿಯುತ್ತಿದ್ದರು?’ ಎಂಬುದು. ಪ್ರತಿಜ್ಞೆ ಮಾಡಿಸಿದ ನಾನು ಅದನ್ನು ವಿಚಾರಿಸಿಯೇ ಇರಲಿಲ್ಲ.

ವರ್ಷಗಟ್ಟಲೆ ವಿಪರೀತ ಕುಡಿದವರ ಮಿದುಳು ಮದ್ಯದ ಮಂಕಿಗೆ ಎದುರಾಗಿ ತನ್ನ ಉದ್ರೇಕವನ್ನು ಹೆಚ್ಚಿಸಿಕೊಂಡಿರುತ್ತದೆ. ಮದ್ಯ ಒಮ್ಮೆಲೇ ನಿಂತಾಗ ಆ ಉದ್ರೇಕಕ್ಕೆ ಕಡಿವಾಣವಿಲ್ಲದೆ ನಡುಕ, ಸೆಳವು, ಭ್ರಮೆ ಕಾಣಿಸಿಕೊಳ್ಳುತ್ತವೆ. ಚಿಕಿತ್ಸೆ ದೊರೆಯದಿದ್ದರೆ ಪ್ರಾಣಾಪಾಯವೂ ಉಂಟು. ಸೂಕ್ತ ಔಷಧ ಹಾಗೂ ಥಯಾಮಿನ್ ಎಂಬ ಜೀವಸತ್ವದಿಂದ ವೈದ್ಯರು ಇದನ್ನು ತಡೆಯಬಲ್ಲರು. ಪಾಪದ ವಿಷಯವಾಗಿ ನಮಗೆ ತಿಳಿದಿದೆಯೆಂದ ಮಾತ್ರಕ್ಕೆ ರೋಗದ ವಿಷಯವೂ ತಿಳಿದಿದೆಯೆಂದು ಭಾವಿಸುವುದು ಎಂತಹ ಅಪಾಯವೆಂಬುದನ್ನು ನಾನು ಅಂದು ಕಲಿತೆ.

ಅಂಕಿಅಂಶಗಳು ಹೇಳುವುದೇನು?

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇಕಡಾ 10.6 ಮಂದಿ ಒಂದಲ್ಲ ಒಂದು ಮಾನಸಿಕ ಅಸ್ವಾಸ್ಥ್ಯದಿಂದ ಬಳಲುತ್ತಿದ್ದರು. ಮದ್ಯದ ಸಮಸ್ಯೆ ಇದ್ದವರಲ್ಲಿ ಶೇಕಡಾ 86ರಷ್ಟು ಜನರಿಗೆ ಚಿಕಿತ್ಸೆ ದೊರೆತಿರಲಿಲ್ಲ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಸಿದ್ಧಪಡಿಸಿದ 2019ರ ವರದಿಯಾದರೋ, ಮದ್ಯಾವಲಂಬಿಗಳಾದ 38 ಮಂದಿಯಲ್ಲಿ ಒಬ್ಬರು ಮಾತ್ರ ಯಾವುದಾದರೂ ಚಿಕಿತ್ಸೆ ಪಡೆದಿರುವುದಾಗಿ ತಿಳಿಸಿತು. ಲಕ್ಷ ಜನರಿಗೆ ಸರಾಸರಿ ಒಬ್ಬ ಮನೋವೈದ್ಯರೂ ಇಲ್ಲದ ದೇಶದಲ್ಲಿ ಇದು ಅನಿರೀಕ್ಷಿತವೇನಲ್ಲ. ಹಾಗಾದರೆ ಉಪಶಮನ ನೀಡಬೇಕಾದವರು ಯಾರು?

ಈ ಪ್ರಶ್ನೆಗೆ ನಮ್ಮ ನೆರೆಯ ಗೋವಾದಲ್ಲಿ ಉತ್ತರ ಹುಡುಕಲಾಯಿತು. 1996ರಲ್ಲಿ ಆರಂಭವಾದ ‘ಸಂಗಾತ್’ ಸಂಸ್ಥೆಯ ಡಾ. ವಿಕ್ರಮ್ ಪಟೇಲ್, ಡಾ. ಅಭಿಜಿತ್ ನಾಡಕರ್ಣಿ ಮತ್ತು ಸಂಗಡಿಗರು 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಎರಡು ಪ್ರಯೋಗಗಳನ್ನು ಕೈಗೊಂಡರು. ಫಲಿತಾಂಶಗಳು 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದವು. ಇಲ್ಲಿ ಆಪ್ತಸಲಹೆ ನೀಡಿದವರು ಮನೋವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಜನರು. ಮೊದಲನೆಯ ಪ್ರಯೋಗದಲ್ಲಿ ತೀವ್ರ ಖಿನ್ನತೆಯ 495 ಮಂದಿ ಇದ್ದರು. ಯಾರು ಯಾವ ಗುಂಪಿಗೆಂಬುದನ್ನು ಚೀಟಿ ಎತ್ತಿದ ರೀತಿಯಲ್ಲಿ ನಿರ್ಧರಿಸಿ, ಒಂದು ಗುಂಪಿಗೆ ಕೇಂದ್ರದ ವೈದ್ಯರ ಆರೈಕೆಯನ್ನು ಮಾತ್ರ, ಇನ್ನೊಂದಕ್ಕೆ ಅದರ ಜೊತೆಗೆ ಆರರಿಂದ ಎಂಟು ಬಾರಿಯ ಸಲಹೆಯನ್ನು ನೀಡಲಾಯಿತು. ಸಲಹೆಯ ತಿರುಳು ಸರಳ: ದುಃಖಿತನು ಕೆಲಸ, ಸ್ನೇಹ, ಊಟ, ನಡಿಗೆಗಳಿಂದ ಹಿಂದೆ ಸರಿದಷ್ಟೂ ದುಃಖ ಬೆಳೆಯುತ್ತದೆ, ಆದ್ದರಿಂದ ಅವನನ್ನು ಚಿಕ್ಕ ಚಿಕ್ಕ ಚಟುವಟಿಕೆಗಳಿಗೆ ಮತ್ತೆ ಕೈಹಿಡಿದು ತರಬೇಕು. ಮೂರು ತಿಂಗಳ ಬಳಿಕ ಸಲಹೆ ಪಡೆದವರಲ್ಲಿ ಶೇಕಡಾ 64, ಪಡೆಯದವರಲ್ಲಿ ಶೇಕಡಾ 39 ಮಂದಿ ಚೇತರಿಸಿಕೊಂಡಿದ್ದರು.

ಕಾಕತಾಳೀಯ ನ್ಯಾಯ

ಪ್ರಿಯ ಓದುಗರೇ, ಈ 39 ಎಂಬ ಸಂಖ್ಯೆಯನ್ನು ಗಮನಿಸಬೇಕು. ವಿಶೇಷ ಸಲಹೆಯಿಲ್ಲದೆಯೂ ಹಲವರ ಖಿನ್ನತೆ ಕಾಲಕ್ರಮದಲ್ಲಿ ಇಳಿಯುತ್ತದೆ. ಕಾಗೆ ಕುಳಿತಾಗ ತಾಳೆಹಣ್ಣು ಬಿದ್ದರೆ ಕಾಗೆಯೇ ಬೀಳಿಸಿತೆಂದು ತಿಳಿಯುವುದು ಸರಿಯಲ್ಲವೆಂದು ನಮ್ಮ ತರ್ಕಶಾಸ್ತ್ರ ಎಚ್ಚರಿಸುತ್ತದೆ. ನನ್ನ ಆಶೀರ್ವಾದದ ನಂತರ ಗುಣ ಕಂಡಿತೆಂದು ನಾನು, ನನ್ನ ಮಾತ್ರೆಯ ನಂತರ ಗುಣ ಕಂಡಿತೆಂದು ವೈದ್ಯರು, ಮಂತ್ರಿಸಿದ ನೂಲಿನಿಂದ ಗುಣವಾಯಿತೆಂದು ಮಂತ್ರವಾದಿ ಬೀಗಬಹುದು. ಹೋಲಿಕೆಯ ಗುಂಪಿಲ್ಲದಿದ್ದರೆ ಮೂವರೂ ಒಂದೇ ದೋಣಿಯವರು. ವೈಜ್ಞಾನಿಕ ಪ್ರಯೋಗವು ಶ್ರದ್ಧೆಯ ವೈರಿಯಲ್ಲ. ಅದು ನಮ್ಮ ಅಹಂಕಾರಕ್ಕೆ ಹಾಕಿದ ಅಂಕುಶ.

ಎರಡನೆಯ ಪ್ರಯೋಗದಲ್ಲಿ ಹಾನಿಕರವಾಗಿ ಕುಡಿಯುತ್ತಿದ್ದ 377 ಪುರುಷರಿದ್ದರು. ಮೂರು ತಿಂಗಳ ಬಳಿಕ ಸಲಹೆ ಪಡೆದವರಲ್ಲಿ ಶೇಕಡಾ 36, ಉಳಿದವರಲ್ಲಿ ಶೇಕಡಾ 26 ಮಂದಿ ಸುಧಾರಿಸಿದ್ದರು. ಹಿಂದಿನ ಎರಡು ವಾರ ಮದ್ಯ ಮುಟ್ಟದಿದ್ದವರು ಅನುಕ್ರಮವಾಗಿ ಶೇಕಡಾ 42 ಮತ್ತು 18. ಆದರೆ ಕುಡಿಯುವುದನ್ನು ಮುಂದುವರಿಸಿದವರ ದಿನದ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲವೆಂಬುದನ್ನೂ ಸಂಶೋಧಕರು ಮುಚ್ಚಿಡಲಿಲ್ಲ. ಅಲ್ಲದೆ, ಪೂರ್ಣ ಮದ್ಯಾವಲಂಬಿಗಳಿಗಾಗಿ ರೂಪಿಸಿದ ಪ್ರಯೋಗ ಇದಾಗಿರಲಿಲ್ಲ. ನಾನು ಮೇಲೆ ಹೇಳಿದ ಗೃಹಸ್ಥರಂತಹವರಿಗೆ ಆಸ್ಪತ್ರೆಯೇ ಮೊದಲ ಮೆಟ್ಟಿಲು.

ಆಸ್ಪತ್ರೆಯಿಂದ ಹಿಂತಿರುಗಿದ ಮೇಲಿನ ದಾರಿ ದೀರ್ಘವಾದುದು. 1935ರಲ್ಲಿ ಅಮೆರಿಕದ ಆ್ಯಕ್ರನ್ ನಗರದಲ್ಲಿ ಹುಟ್ಟಿದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಸಂಘದ ಬಗ್ಗೆ ವಿದ್ವಾಂಸರಲ್ಲಿ ಬಹುಕಾಲ ಸಂದೇಹವಿತ್ತು. 27 ಅಧ್ಯಯನಗಳನ್ನು ಪರಿಶೀಲಿಸಿದ 2020ರ ಕಾಕ್ರೇನ್ ವರದಿಯು, ಮದ್ಯದಿಂದ ಪೂರ್ಣ ದೂರವಿರುವ ವಿಷಯದಲ್ಲಿ ಈ ಸಂಘದತ್ತ ಕ್ರಮಬದ್ಧವಾಗಿ ಒಯ್ಯುವ ಚಿಕಿತ್ಸೆಯು ಇತರ ಚಿಕಿತ್ಸೆಗಳಿಗೆ ಸಮ ಅಥವಾ ಮಿಗಿಲೆಂದು ಕಂಡುಕೊಂಡಿತು. ಅದೇ ಆ್ಯಕ್ರನ್‌ನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ, ಕುಡುಕರಿಗೆ ಹಾಸಿಗೆ ಸಿಗದಿದ್ದ ಕಾಲದಲ್ಲಿ, ಅಂದರೆ 1939ರಲ್ಲಿ, ಅವರಿಗೆ ಬಾಗಿಲು ತೆರೆದವರು ಧರ್ಮಭಗಿನಿ ಇಗ್ನೇಷಿಯಾ ಎಂಬುದನ್ನು ನಾವು ಮರೆಯಬಾರದು.

ಮಾತ್ರೆಗಳ ಕುರಿತ ಸಂದೇಹ

ಮಿದುಳಿನಲ್ಲಿ ಸಿರೊಟೋನಿನ್ ಕೊರತೆಯೇ ಖಿನ್ನತೆಗೆ ಕಾರಣವೆಂಬ ವಾದಕ್ಕೆ ದೃಢವಾದ ಆಧಾರವಿಲ್ಲವೆಂದು 2022ರಲ್ಲಿ ಪ್ರಕಟವಾದ ವಿಮರ್ಶೆಯೊಂದು ಹೇಳಿದಾಗ, ‘ಹಾಗಾದರೆ ಮಾತ್ರೆ ಬಿಡಬಹುದಲ್ಲವೇ ಫಾದರ್?’ ಎಂದು ಕೇಳಿದವರಿದ್ದಾರೆ. ಕಾರಣ ತಿಳಿಯದಿರುವುದು ಬೇರೆ, ಪರಿಣಾಮವಿಲ್ಲದಿರುವುದು ಬೇರೆ. ‘ಯೇಸುಸಭೆಯವರ ತೊಗಟೆ’ ಎನಿಸಿಕೊಂಡ ಸಿಂಕೋನಾ 17ನೆಯ ಶತಮಾನದಿಂದಲೇ ಮಲೇರಿಯಾ ಜ್ವರವನ್ನು ಇಳಿಸುತ್ತಿತ್ತು. ಮಲೇರಿಯಾದ ಪರೋಪಜೀವಿ ಕಂಡದ್ದು 1880ರಲ್ಲಿ. ಖಿನ್ನತೆಯ 21 ಔಷಧಗಳ ಕುರಿತ 522 ಪ್ರಯೋಗಗಳನ್ನು ಒಟ್ಟುಗೂಡಿಸಿದ 2018ರ ಅಧ್ಯಯನವು, ಅವೆಲ್ಲವೂ ಹುಸಿಮಾತ್ರೆಗಿಂತ ಹೆಚ್ಚು ಪರಿಣಾಮಕಾರಿಯೆಂದು ತೋರಿಸಿತು. ಆ ಪ್ರಯೋಜನ ಸಾಧಾರಣವಾದುದು, ಎಲ್ಲರಿಗೂ ಸಮನಾಗಿ ಒದಗುವುದಿಲ್ಲವೆಂಬುದೂ ನಿಜ. ಆದರೂ ವೈದ್ಯರನ್ನು ಕೇಳದೆ ಮಾತ್ರೆಯನ್ನು ಥಟ್ಟನೆ ನಿಲ್ಲಿಸುವುದು ಸಲ್ಲದು.

ನಮ್ಮ ಹೊಣೆ

ಖಿನ್ನತೆಯು ವಿಶ್ವಾಸದ ಕೊರತೆಯೆಂದು ಹೇಳುವ ಹಕ್ಕು ನಮಗಿಲ್ಲ. ದುಃಖಕ್ಕೆ ಮದ್ದನ್ನು ವಿವರಿಸುವಾಗ ಸಂತ ತೋಮಸ್ ಅಕ್ವಿನಾಸರು ಗೆಳೆಯರ ಅನುಕಂಪ ಹಾಗೂ ಸತ್ಯದ ಚಿಂತನೆಯ ಸಾಲಿನಲ್ಲಿಯೇ ಕಣ್ಣೀರು, ನಿದ್ರೆ ಮತ್ತು ಸ್ನಾನವನ್ನೂ ಸೇರಿಸಿದ್ದಾರೆ. ಮನುಷ್ಯನು ದೇಹವೂ ಆತ್ಮವೂ ಸೇರಿದ ಒಂದೇ ಜೀವಿಯೆಂದು ಬೋಧಿಸಿದವರಿಗೆ ಇದು ಸಹಜವಾಗಿತ್ತು. ಆತ್ಮಹತ್ಯೆ ಮಾಡಿಕೊಂಡವರಿಗೆ ಧಾರ್ಮಿಕ ಅಂತ್ಯಸಂಸ್ಕಾರವನ್ನು ನಿರಾಕರಿಸುತ್ತಿದ್ದ 1917ರ ಧರ್ಮಸಭಾ ಸಂಹಿತೆಯ ವಿಧಿಯು 1983ರ ಸಂಹಿತೆಯಲ್ಲಿ ಇಲ್ಲ. ತೀವ್ರ ಮಾನಸಿಕ ಕ್ಷೋಭೆಯು ಹೊಣೆಗಾರಿಕೆಯನ್ನು ತಗ್ಗಿಸಬಲ್ಲದೆಂದು 1992ರ ಧರ್ಮೋಪದೇಶ ಗ್ರಂಥ ಒಪ್ಪುತ್ತದೆ. ದೇಶದ 2017ರ ಮಾನಸಿಕ ಆರೋಗ್ಯ ಕಾಯಿದೆಯೂ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕೆನ್ನುತ್ತದೆ. ಸಂಹಿತೆ ಬದಲಾದರೂ ಅಂತಹ ಮನೆಯವರನ್ನು ಕಂಡು ಮಾತು ತಗ್ಗಿಸುವ ನಮ್ಮ ಅಭ್ಯಾಸ ಬದಲಾಗಿದೆಯೇ?

ಗೋವಾದ ಸಲಹೆಗಾರರು ಸಾಮಾನ್ಯ ಜನರೇ ಆಗಿದ್ದರೆಂದ ಮೇಲೆ, ಪ್ರತಿ ವಾರ್ಡಿನಿಂದ ಒಬ್ಬಿಬ್ಬರನ್ನಾದರೂ ಇಂತಹ ತರಬೇತಿಗೆ ಕಳುಹಿಸುವುದು ನಮ್ಮ ಧರ್ಮಕೇಂದ್ರಗಳಿಗೆ ಅಸಾಧ್ಯವಲ್ಲ. ಅನಾನಿಮಸ್ ಸಂಘಕ್ಕೆ ವಾರಕ್ಕೊಮ್ಮೆ ಒಂದು ಕೋಣೆಯನ್ನು ಬಿಟ್ಟುಕೊಡಬಹುದು. ಮದುವೆ, ರೋಸ್, ಹಬ್ಬಗಳಲ್ಲಿ ಮದ್ಯವಿಲ್ಲದ ಊಟವನ್ನು ಅವಮಾನವೆಂದು ಎಣಿಸದಿರಬಹುದು. ನಿದ್ರೆಯಿಲ್ಲದೆ, ಹಸಿವಿಲ್ಲದೆ, ಬದುಕು ಬೇಡವೆನ್ನುವವರು ಮನೆಯಲ್ಲಿದ್ದರೆ, 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು.

ನನ್ನ ಮಟ್ಟಿಗೆ ಹೇಳುವುದಾದರೆ, ಈಗಲೂ ನಾನು ಪ್ರತಿಜ್ಞೆ ಮಾಡಿಸುತ್ತೇನೆ. ಆದರೆ ಎಷ್ಟು ಕುಡಿಯುತ್ತೀರಿ, ಎಷ್ಟು ವರ್ಷಗಳಿಂದ, ಹಿಂದೆ ಬಿಟ್ಟಾಗ ನಡುಕ ಬಂದಿತ್ತೇ ಎಂದು ಮೊದಲು ಕೇಳುತ್ತೇನೆ. ಬಂದಿತ್ತೆಂದರೆ, ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ, ಬಿಡುಗಡೆಯಾದ ಬಳಿಕವೇ ಬಲಿಪೀಠದ ಮುಂದೆ ನಿಲ್ಲಿಸುತ್ತೇನೆ.