ಚಿಮಣಿಯನ್ನು ಅಳೆಯುವವರು ಎದೆಯನ್ನೂ ಅಳೆಯಲಿ

ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲಿ ದಮ್ಮು ಎಂದರೆ ಮುಪ್ಪಿನ ಸಹಜ ಲಕ್ಷಣವೆಂದೇ ತಿಳಿಯಲಾಗಿದೆ. ಬೀಡಿ ಸೇದಿದವನಿಗೆ ಬಂದರೆ ಅದು ಚಟದ ಫಲ. ಬೀಡಿ ಮುಟ್ಟದ ಹೆಣ್ಣುಮಗಳಿಗೆ ಬಂದರೆ ಅವಳ ಹಣೆಬರಹ. ವೈದ್ಯಶಾಸ್ತ್ರವು ಈ ದಮ್ಮಿನ ಬಹುಪಾಲನ್ನು ದೀರ್ಘಕಾಲೀನ ಶ್ವಾಸಕೋಶ ತಡೆ ರೋಗ, ಚಿಕ್ಕದಾಗಿ ಸಿಒಪಿಡಿ, ಎಂದು ಗುರುತಿಸುತ್ತದೆ. ಶ್ವಾಸನಾಳಗಳು ಊದಿಕೊಂಡು ಕಿರಿದಾಗುತ್ತವೆ, ಗಾಳಿಚೀಲಗಳ ಗೋಡೆಗಳು ಹರಿಯುತ್ತವೆ, ಒಳಗೆ ಹೋದ ಗಾಳಿ ಸಲೀಸಾಗಿ ಹೊರಬರುವುದಿಲ್ಲ. ಹರಿದ ಗಾಳಿಚೀಲವನ್ನು ಮತ್ತೆ ಬೆಳೆಸುವ ಔಷಧ ಇಂದಿಗೂ ಇಲ್ಲ. ಆದ್ದರಿಂದ ಇದು ಬಾರದಂತೆ ತಡೆಯಬೇಕಾದ ರೋಗ. ಅದನ್ನು ತರುವ ಹೊಗೆ ಯಾವುದು ಎಂಬ ಪ್ರಶ್ನೆ ಆಸ್ಪತ್ರೆಯ ಹೊರಗೂ ಕೇಳಬೇಕಾದದ್ದು.

ಈಚಿನ ಸಂಶೋಧನೆಗಳು ಈ ಪ್ರಶ್ನೆಯ ಹಳೆಯ ಉತ್ತರವನ್ನು ಬದಲಿಸಿವೆ. 2018ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆ ಪ್ರಕಟಿಸಿದ ಅಂದಾಜಿನಂತೆ, 1990ರಲ್ಲಿ ಭಾರತದಲ್ಲಿ ಸುಮಾರು 2.8 ಕೋಟಿಯಷ್ಟಿದ್ದ ಈ ರೋಗಿಗಳ ಸಂಖ್ಯೆ 2016ರ ವೇಳೆಗೆ 5.5 ಕೋಟಿಗೆ ಏರಿತ್ತು. ರೋಗ ತರುವ ಒಟ್ಟು ಹೊರೆಯಲ್ಲಿ ತಂಬಾಕಿನ ಪಾಲು ಶೇ 25.4 ಆದರೆ ವಾಯುಮಾಲಿನ್ಯದ್ದು ಶೇ 53.7, ದುಡಿಮೆಯ ಸ್ಥಳದ ಧೂಳು-ಹೊಗೆಯದು ಶೇ 16.5. ಬೀಡಿಯೊಂದನ್ನೇ ಬೈಯುತ್ತ ಕೂರುವ ಕಾಲ ಮುಗಿದಿದೆ.

ಕರ್ನಾಟಕದ್ದೇ ಆದ ಒಂದು ಅಧ್ಯಯನವನ್ನು ಇಲ್ಲಿ ವಿವರವಾಗಿ ನೋಡಬೇಕು. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು ಮೈಸೂರು ಜಿಲ್ಲೆಯ ಗ್ರಾಮೀಣ ಮಹಿಳೆಯರ ಒಲೆಯ ಹೊಗೆಗೆ ಒಂದು ಲೆಕ್ಕ ಕಟ್ಟಿದರು. ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ, ಅಂತಹ ವರ್ಷಗಳು ಎಷ್ಟು. ಎರಡನ್ನೂ ಗುಣಿಸಿದರೆ ಬರುವುದೇ ಹೊಗೆಯ ಸೂಚ್ಯಂಕ. ಈ ಸಂಖ್ಯೆ 60ನ್ನು ಮುಟ್ಟಿದಾಗ ದೀರ್ಘಕಾಲದ ಕೆಮ್ಮು-ಕಫದ ಕಾಯಿಲೆಯ ಅಪಾಯ ಸ್ಪಷ್ಟವಾಗಿ ಏರುತ್ತದೆ ಎಂದು ಅವರ ವರದಿ 2013ರಲ್ಲಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನಲ್ಲಿ ಪ್ರಕಟವಾಯಿತು.

ಈ ಲೆಕ್ಕವನ್ನು ಯಲಬುರ್ಗಾದ ಎರೆಹೊಲದ ಸೀಮೆಗೆ ತಂದು ನೋಡಿದರೆ ಅದರ ತೂಕ ತಿಳಿಯುತ್ತದೆ. ಹದಿನೆಂಟಕ್ಕೆ ಮದುವೆಯಾಗಿ ಬಂದವಳು ದಿನಕ್ಕೆ ಮೂರು ಗಂಟೆ ಒಲೆಯ ಮುಂದೆ ಕಳೆದರೆ ಮೂವತ್ತೆಂಟನೆಯ ವಯಸ್ಸಿಗೆ ಅವಳ ಸಂಖ್ಯೆ 60. ಅದು ಮುಪ್ಪಿನ ವಯಸ್ಸಲ್ಲ. ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ, ಜಾಲಿ, ಕುಳ್ಳು, ಇವು ಉರಿಯುವುದಕ್ಕಿಂತ ಹೊಗೆಯಾಡುವುದೇ ಹೆಚ್ಚು. ಜೋಳದ ರೊಟ್ಟಿಯೋ, ಇಟ್ಟು ಎದ್ದುಹೋಗುವ ಅಡುಗೆಯಲ್ಲ. ಬಡಿಯುವವಳು ಕೊನೆಯ ರೊಟ್ಟಿ ಬೇಯುವವರೆಗೂ ಉರಿಯ ಮುಂದೆಯೇ ಕೂತಿರಬೇಕು. 2016ರಲ್ಲಿ ಉಜ್ವಲಾ ಯೋಜನೆ ಆರಂಭವಾದ ಮೇಲೆ ಅನಿಲದ ಸಿಲಿಂಡರ್ ಬಡವರ ಮನೆಗೂ ಬಂದಿತು, ನಿಜ. ಆದರೆ ಚಹಾಕ್ಕೆ ಗ್ಯಾಸು, ರೊಟ್ಟಿಗೂ ಸ್ನಾನದ ನೀರಿಗೂ ಒಲೆ ಎಂಬ ವಿಂಗಡಣೆ ಅನೇಕ ಮನೆಗಳಲ್ಲಿ ಉಳಿದಿದೆ. ಎರಡನೆಯ ಸಿಲಿಂಡರಿನ ಬೆಲೆಯೇ ಇದಕ್ಕೆ ಮುಖ್ಯ ಕಾರಣ. ರುಚಿಯ ಮಾತು ಆಮೇಲಿನದು.

ಉಳಿದ ತಾಲ್ಲೂಕುಗಳ ಹೊಗೆ-ಧೂಳು ಬೇರೆ ಬಗೆಯದು. ಕುಷ್ಟಗಿಯಲ್ಲಿ ಗ್ರಾನೈಟ್ ಕಲ್ಲಿನ ಗಣಿಗಳಿವೆ. ಕಲ್ಲು ಕೊರೆದಾಗ ಏಳುವ ಸಿಲಿಕಾ ಧೂಳು ಸಿಲಿಕೋಸಿಸ್ ತರುತ್ತದೆಂಬುದು ಹಳೆಯ ತಿಳಿವಳಿಕೆ. ಸಿಲಿಕೋಸಿಸ್ ಕಾಣಿಸಿಕೊಳ್ಳದವರಲ್ಲಿಯೂ ಅದೇ ಧೂಳು ಶ್ವಾಸನಾಳಗಳನ್ನು ಕಿರಿದಾಗಿಸಬಲ್ಲದು ಎಂಬುದು ಅಷ್ಟಾಗಿ ಪ್ರಚಾರವಾಗದ ಸಂಗತಿ. ಗುಡ್ಡ ಕರಗುವುದನ್ನು ಕಂಡು ಮರುಗುವ ಪರಿಸರವಾದಿಗಳು ಗುಡ್ಡದ ಪುಡಿ ಯಾರ ಎದೆಯೊಳಗೆ ಇಳಿಯುತ್ತದೆ ಎಂದು ಕೇಳಿದ್ದು ಕಡಿಮೆ. ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಭತ್ತದ ಧೂಳಿದೆ, ಹೊಟ್ಟು ಉರಿಸಿದ ಬೂದಿಯಿದೆ; ಆ ಬೂದಿಯ ಬಹುಭಾಗವೂ ಸಿಲಿಕಾವೇ. ಇನ್ನು ಕೊಪ್ಪಳದ ಸುತ್ತಲಿನ ಗಿಣಿಗೇರಾ, ಹಿರೇಬಗನಾಳ, ಅಲ್ಲಾನಗರಗಳ ಕಡೆಗೆ ಹೋದವರಿಗೆ ಸ್ಪಾಂಜ್ ಐರನ್ ಕಾರ್ಖಾನೆಗಳ ಬಗ್ಗೆ ಹೇಳಬೇಕಾಗಿಲ್ಲ. ಅದಿರು ಮತ್ತು ಕಲ್ಲಿದ್ದಲನ್ನು ಒಟ್ಟಿಗೆ ಸುಡುವ ಈ ಕುಲುಮೆಗಳ ಧೂಳನ್ನು ಹಿಡಿದಿಡುವ ಯಂತ್ರಗಳಿರುತ್ತವೆ. ಅವು ಹಗಲಿರುಳೂ ಓಡುತ್ತವೆಯೇ ಎಂಬುದೇ ಹಳ್ಳಿಗರ ಪ್ರಶ್ನೆ.

2025ರ ಫೆಬ್ರುವರಿ 24ರಂದು ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಕೊಪ್ಪಳ ಬಂದ್ ಆಚರಿಸಿ ಸಾವಿರಾರು ಜನ ಬೀದಿಗಿಳಿದದ್ದು ಊರಿನ ಮಗ್ಗುಲಲ್ಲೇ ಬೃಹತ್ ಉಕ್ಕಿನ ಕಾರ್ಖಾನೆ ಬೇಡವೆಂದು. ಇಂತಹ ವಿರೋಧ ಎದ್ದಾಗಲೆಲ್ಲ ಕೇಳಿಬರುವ ಒಂದು ವಾದವಿದೆ: ಜನರ ಮನೆಯೊಳಗೇ ಒಲೆಯ ಹೊಗೆಯಿದೆ, ಗಂಡಸರ ಕೈಯಲ್ಲಿ ಬೀಡಿಯಿದೆ, ಕಾರ್ಖಾನೆಯನ್ನು ದೂರುವುದೇಕೆ? ಈ ವಾದ ಒಪ್ಪತಕ್ಕದ್ದಲ್ಲ. ಒಲೆಯ ಹೊಗೆಯಿಂದ ಆಗಲೇ ಸೋತ ಎದೆಗೆ ಚಿಮಣಿಯ ಹೊಗೆಯನ್ನು ತಾಳುವ ಶಕ್ತಿ ಇನ್ನೂ ಕಡಿಮೆ. ಅಂದಮೇಲೆ ಒಲೆಯ ಹೊಗೆ ಕಾರ್ಖಾನೆಯ ಪರವಾದ ಸಾಕ್ಷಿಯಲ್ಲ, ವಿರುದ್ಧದ ಸಾಕ್ಷಿ. ಆದರೆ ಚಳವಳಿಗಾರರೂ ತಮ್ಮ ಕಡೆಯ ಮೌನವನ್ನು ಒಪ್ಪಿಕೊಳ್ಳಬೇಕು. ಚಿಮಣಿಯ ವಿರುದ್ಧ ಘೋಷಣೆ ಕೂಗಿ ಮನೆಗೆ ಮರಳಿದವರಿಗೆ ಬಿಸಿರೊಟ್ಟಿ ಬಡಿದುಕೊಟ್ಟವಳ ಕೆಮ್ಮು ಇನ್ನೂ ಪರಿಸರದ ಪ್ರಶ್ನೆಯಾಗಿಲ್ಲ. ಚೀನಾದ ಗುವಾಂಗ್‌ಡಾಂಗ್ ಪ್ರಾಂತದ ಹಳ್ಳಿಗಳಲ್ಲಿ ಗೋಬರ್ ಗ್ಯಾಸ್ ಮಾದರಿಯ ಇಂಧನ ಮತ್ತು ಗಾಳಿಯಾಡುವ ಅಡುಗೆಮನೆಗಳನ್ನು ಒದಗಿಸಿ ಒಂಬತ್ತು ವರ್ಷ ಗಮನಿಸಿದ ಅಧ್ಯಯನ 2014ರಲ್ಲಿ ಹೊರಬಂದಿತು. ಎರಡನ್ನೂ ಬಳಸಿದವರ ಶ್ವಾಸಶಕ್ತಿ ಕುಗ್ಗುವ ವೇಗ ತಗ್ಗಿತ್ತು. ಗೋಡೆಗೊಂದು ಗವಾಕ್ಷಿ ತೆರೆಯಲು ಯಾವ ಮಂತ್ರಿಯ ಅಪ್ಪಣೆಯೂ ಬೇಕಿಲ್ಲ.

ವಿದ್ಯಾರ್ಥಿಗಳು ಗಮನಿಸಬೇಕಾದದ್ದು ಮತ್ತೊಂದಿದೆ. ಮನುಷ್ಯನ ಶ್ವಾಸಕೋಶ ಇಪ್ಪತ್ತರ ಹರೆಯದವರೆಗೂ ಬೆಳೆಯುತ್ತದೆ. ಆಮೇಲೆ ನಿಧಾನವಾಗಿ ಇಳಿಮುಖ. ಪೀಟರ್ ಲ್ಯಾಂಗೆ ಮತ್ತು ಸಂಗಡಿಗರು 2015ರಲ್ಲಿ ತೋರಿಸಿದಂತೆ, ಸಿಒಪಿಡಿ ಆದವರಲ್ಲಿ ಸುಮಾರು ಅರ್ಧದಷ್ಟು ಜನರ ಶ್ವಾಸಶಕ್ತಿ ವೇಗವಾಗಿ ಕುಸಿದದ್ದಲ್ಲ, ಯೌವನದಲ್ಲಿಯೇ ಅದು ಪೂರ್ತಿ ಬೆಳೆದಿರಲಿಲ್ಲ. ಅಂದರೆ ಅರವತ್ತರಲ್ಲಿ ಕಾಣುವ ದಮ್ಮಿನ ಬೇರು ಶಾಲೆಯ ವಯಸ್ಸಿನಲ್ಲಿಯೇ ಇರಬಹುದು. ಅದೇ ವರ್ಷ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಿಂದ ಬಂದ ವರದಿ, ಅಲ್ಲಿನ ಗಾಳಿ ಶುದ್ಧವಾದಂತೆ ಮಕ್ಕಳ ಶ್ವಾಸಕೋಶದ ಬೆಳವಣಿಗೆಯೂ ಸುಧಾರಿಸಿತೆಂದು ಹೇಳಿತು.

ಹೊಸ ಔಷಧಗಳು ಬಂದಿವೆ. ಡುಪಿಲುಮಾಬ್ ಎಂಬ ಚುಚ್ಚುಮದ್ದಿಗೆ 2024ರಲ್ಲಿ ಅಮೆರಿಕ ಈ ರೋಗಕ್ಕಾಗಿ ಒಪ್ಪಿಗೆ ನೀಡಿತು. ಆದರೆ ಅದರ ಪ್ರಯೋಗಕ್ಕೆ ಸೇರಿಸಿಕೊಂಡದ್ದು ದಿನಕ್ಕೊಂದು ಪ್ಯಾಕ್‌ನಂತೆ ಹತ್ತು ವರ್ಷಕ್ಕಾದರೂ ಸಮನಾದ ಸಿಗರೇಟು ಸೇದಿದವರನ್ನು. ಒಲೆಯ ಹೊಗೆಯನ್ನಷ್ಟೇ ಕುಡಿದ ಯಲಬುರ್ಗಾದ ಹೆಣ್ಣುಮಗಳಿಗೆ ಆ ಪ್ರಯೋಗದಲ್ಲಿ ಜಾಗವಿರಲಿಲ್ಲ.

ಅವಳಿಗೆ ಬೇಕಾದದ್ದು ಅದಕ್ಕಿಂತ ಸರಳವಾದದ್ದು. ಈ ರೋಗವನ್ನು ಖಚಿತಪಡಿಸಲು ಸ್ಪೈರೋಮೀಟರ್ ಎಂಬ ಊದುವ ಉಪಕರಣ ಸಾಕು. ಶ್ವಾಸನಾಳ ಹಿಗ್ಗಿಸುವ ಔಷಧ ಕೊಟ್ಟ ಮೇಲೂ, ಊದಿದ ಒಟ್ಟು ಗಾಳಿಯಲ್ಲಿ ಮೊದಲ ಸೆಕೆಂಡಿಗೆ ಶೇ 70ಕ್ಕಿಂತ ಕಡಿಮೆ ಹೊರಬಿದ್ದರೆ ಅಲ್ಲಿ ತಡೆಯಿದೆಯೆಂದು ಅರ್ಥ. ಕೆಮ್ಮಿಕೊಂಡು ಬಂದವರ ಕಫದಲ್ಲಿ ಕ್ಷಯವಿಲ್ಲವೆಂದಾದೊಡನೆ ಸಿರಪ್ ಬಾಟಲಿ ಕೊಟ್ಟು ಕಳುಹಿಸುವ ಬದಲು ಈ ಉಪಕರಣವನ್ನು ಊದಿಸಬೇಕು. ಜಿಲ್ಲೆಯ ಎಲ್ಲ ತಾಲ್ಲೂಕು ಆಸ್ಪತ್ರೆಗಳಲ್ಲಿ ಅದೂ, ಅದನ್ನು ಬಳಸಬಲ್ಲ ಸಿಬ್ಬಂದಿಯೂ ದಿನವೂ ಸಿಗಬೇಕು. ಕಾರ್ಖಾನೆಯೊಳಗಿನ ಕಾರ್ಮಿಕರ ಆರೋಗ್ಯ ತಪಾಸಣೆಗೆ ಕಾನೂನಿದೆ. ಗೋಡೆಯಾಚೆಗಿನ ಊರಿಗೂ ಅದು ಅನ್ವಯಿಸಲಿ. ಕೊಪ್ಪಳದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೇ ಇದೆ. ಮೈಸೂರಿನ ವೈದ್ಯರು ಅಲ್ಲಿನ ಹಳ್ಳಿಗಳಲ್ಲಿ ಮಾಡಿದ್ದನ್ನು ಇಲ್ಲಿನವರು ಹಿರೇಬಗನಾಳದಲ್ಲಿಯೂ, ಚಿಮಣಿಯಿಲ್ಲದ ಯಲಬುರ್ಗಾದ ಒಂದು ಹಳ್ಳಿಯಲ್ಲಿಯೂ ಮಾಡಿ, ಎರಡೂ ಕಡೆಯ ಅಂಕಿಗಳನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಲಿ. ಆ ಕೆಲಸ ಮುಗಿಯುವವರೆಗೆ ಜಿಲ್ಲೆಯಲ್ಲಿ ಹೊಸ ಚಿಮಣಿಗೆ ಅನುಮತಿ ಕೊಡಬಾರದು.