ಒಳಗಿನವರನ್ನು ಗಡೀಪಾರು ಮಾಡಬೇಡಿ

ಊರು ಬಿಟ್ಟು ಬಂದವರಿಗೆ ಬುದ್ಧಿ ಹೇಳುವವರು ಬಹಳ ಜನ. 'ಇಲ್ಲಿಗೆ ಬಂದ ಮೇಲೆ ಇಲ್ಲಿಯವರಾಗಿಬಿಡಿ' ಅಂತಾರೆ ಇಲ್ಲಿನವರು. 'ನೀವು ತಮಿಳರೇ ಆಗಿಬಿಟ್ರಿ ಬಿಡಿ' ಅಂತ ಮೂಗು ಮುರೀತಾರೆ ಊರಿನವರು. ಇಬ್ಬರದೂ ಒಂದೇ ಹಟ: ಒಬ್ಬ ಮನುಷ್ಯನೊಳಗೆ ಒಬ್ಬನೇ ಇರಬೇಕು. ಕೋಡಂಬಾಕ್ಕಂನಲ್ಲಿ ಇಪ್ಪತ್ತು ವರ್ಷ ಬಾಡಿಗೆ ಕಟ್ಟಿರುವ ನಾನು ಇದನ್ನು ಒಪ್ಪುವುದಿಲ್ಲ.

ಅಮೆರಿಕದ ರಿಚರ್ಡ್ ಶ್ವಾರ್ಟ್ಸ್ 1980ರ ದಶಕದಲ್ಲಿ ರೂಪಿಸಿದ ಮನೋಚಿಕಿತ್ಸೆಯೊಂದಿದೆ, ಇಂಟರ್ನಲ್ ಫ್ಯಾಮಿಲಿ ಸಿಸ್ಟಮ್ಸ್ ಅಂತ. ಮನಸ್ಸು ತುಂಬಿದ ಮನೆಯಿದ್ದ ಹಾಗೆ ಅನ್ನುತ್ತದೆ ಅದು. ದಿನದ ವ್ಯವಹಾರ ನೋಡಿಕೊಳ್ಳುವ ಮ್ಯಾನೇಜರುಗಳು, ನೋವು ಹೊತ್ತಿಕೊಂಡಾಗ ಹೇಗಾದರೂ ಆರಿಸಲು ಓಡಿಬರುವವರು, ಇವರೆಲ್ಲ ಸೇರಿ ಒಳಕೋಣೆಯಲ್ಲಿ ಕೂಡಿಹಾಕಿದ ಗಾಯಗೊಂಡವರು. ಈ ಕೊನೆಯವರಿಗೆ ಶ್ವಾರ್ಟ್ಸ್ ಇಟ್ಟ ಹೆಸರಿನ ಅರ್ಥ 'ಗಡೀಪಾರಾದವರು'. ಇದು ಕಾಯಿಲೆಯಲ್ಲ, ಎಲ್ಲರ ಮನಸ್ಸೂ ಹೀಗೇ ಅನ್ನುವುದು ಅವರ ವಾದ. ಯಾರನ್ನೂ ಓಡಿಸದೆ ಎಲ್ಲರ ಮಾತನ್ನೂ ಸಮಾಧಾನದಿಂದ ಕೇಳುವ 'ತಾನು' ನಮ್ಮೊಳಗೇ ಇದೆ, ಅದನ್ನು ಮುಂದೆ ತರುವುದೇ ಚಿಕಿತ್ಸೆ. ಸಂಶೋಧನೆಯ ಪುರಾವೆ ಇನ್ನೂ ಕಡಿಮೆ, ನಿಜ. ಆದರೆ ವಲಸಿಗನ ಮಟ್ಟಿಗೆ ಈ ಚಿತ್ರ ಸುಳ್ಳಲ್ಲ.

ಆಟೋದವರ ಹತ್ತಿರ ತಮಿಳಲ್ಲಿ ಚೌಕಾಸಿ ಮಾಡುವವನು ನನ್ನ ಮ್ಯಾನೇಜರ್. 2016ರ ಸೆಪ್ಟೆಂಬರಿನಲ್ಲಿ ಕಾವೇರಿ ಗಲಾಟೆ ಎದ್ದಾಗ, ಫೋನಿನಲ್ಲಿ ಅಮ್ಮನ ಜೊತೆ ಮಾತಾಡುವಾಗ ದನಿ ತಗ್ಗಿಸಿದವನೂ ಅವನೇ. ಅವನನ್ನು ಹೇಡಿ ಅನ್ನಬೇಡಿ, ಅವನು ಕಾವಲುಗಾರ.

ನನ್ನ ತಕರಾರು ಚಿಕಿತ್ಸೆಯ ಮೇಲಲ್ಲ, ಅದು ನಮ್ಮ ನಗರಗಳಲ್ಲಿ ಆಡುವ ಭಾಷೆಯ ಮೇಲೆ. ನಾನು ಹೋದ ಕಡೆ ಆಪ್ತಸಮಾಲೋಚಕಿ, 'ನಿಮ್ಮೊಳಗಿನ ಹುಡುಗನನ್ನು ಮಾತಾಡಿಸಿ' ಅಂದರು, ಇಂಗ್ಲಿಷಿನಲ್ಲಿ. ಉತ್ತರವೂ ಇಂಗ್ಲಿಷಿನಲ್ಲೇ ಬೇಕಿತ್ತು. ಅಲ್ರೀ, ಆ ಏಳು ವರ್ಷದ ಹುಡುಗನಿಗೆ ಇಂಗ್ಲಿಷ್ ಎಲ್ಲಿ ಬರಬೇಕು? ಇಂಗ್ಲಿಷಿನಲ್ಲಿ ಕೇಳಿದರೆ ಎದ್ದು ಬಂದು ಉತ್ತರ ಕೊಡುವವನು ಮತ್ತದೇ ಮ್ಯಾನೇಜರ್. ಗಡೀಪಾರಾದವನು ಇನ್ನೊಂದು ಸಲ ಗಡೀಪಾರು. ಚಿಕಿತ್ಸಕರಿಗೆ ಕನ್ನಡ ಬರಲೇಬೇಕೆಂದು ನಾನು ಕೇಳುತ್ತಿಲ್ಲ. 'ಅವನ ಭಾಷೆಯಲ್ಲೇ ಮಾತಾಡಿ, ನನಗೆ ಆಮೇಲೆ ಹೇಳಿ' ಎಂದರೆ ಸಾಕು.

ಹಟಮಾರಿಗಳಿಗೆ ಈ ಸಿನಿಮಾ ಪೇಟೆಯದೇ ಒಂದು ನೆನಪು. ಕನ್ನಡ ಚಿತ್ರರಂಗ ಬಹುಕಾಲ ಬೆಳೆದದ್ದು ಮದರಾಸಿನ ಸ್ಟುಡಿಯೋಗಳಲ್ಲಿ. 1954ರ 'ಬೇಡರ ಕಣ್ಣಪ್ಪ'ದಲ್ಲಿ ಗಾಜನೂರಿನ ಮುತ್ತುರಾಜ್ ರಾಜ್‌ಕುಮಾರ್ ಆದರು, ಇದೇ ಊರಲ್ಲಿ ವರ್ಷಗಟ್ಟಲೆ ಸಂಸಾರ ಮಾಡಿದರು. ರಾಜ್‌ಕುಮಾರ್ ಬಂದರೆಂದು ಮುತ್ತುರಾಜ್ ಜಾಗ ಖಾಲಿ ಮಾಡಬೇಕಾಗಲಿಲ್ಲ. ಗಾಜನೂರು ಕೊನೆವರೆಗೂ ಅವರ ಊರೇ ಆಗಿತ್ತು. ಅಂಥವರಿಗೆ ಒಪ್ಪುವ ನೀವು, ಬಾಡಿಗೆ ಮನೆಯ ನಮ್ಮಂಥವರಿಗೆ ಮಾತ್ರ ಒಬ್ಬನನ್ನೇ ಆರಿಸಿಕೋ ಅನ್ನುವುದು ಯಾವ ನ್ಯಾಯ?